ಚಿಪ್ಪಿನ ತಿಪ್ಪೆ

ಆಮಂತ್ರಣ ಪತ್ರಿಕೆಯಲ್ಲಿ ಈ ಉಪನ್ಯಾಸದ ಹೆಸರು 'ಜಪಾನಿನ ಚಿಪ್ಪಿನ ದಿಬ್ಬಗಳು' ಎಂದು ಅಚ್ಚಾಗಿದೆ. ನಾನು ಬರೆದು ಕಳಿಸಿದ್ದು 'ಚಿಪ್ಪಿನ ತಿಪ್ಪೆ' ಎಂದು. ತಿಪ್ಪೆ ಎಂಬ ಮಾತು ಸಭೆಗೆ ಒಪ್ಪುವುದಿಲ್ಲ ಎಂದು ಸಂಘಟಕರಿಗೆ ಅನ್ನಿಸಿರಬೇಕು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ತಿಪ್ಪೆಯನ್ನು ಬಿಟ್ಟು ಈ ಸಂಜೆ ಮಾತಾಡಲು ನನ್ನಿಂದ ಆಗುವುದಿಲ್ಲ.

ಹಳ್ಳಿಯಲ್ಲಿ ಬೆಳೆದವರಿಗೆ ತಿಪ್ಪೆ ಏನೆಂದು ಹೇಳಬೇಕಾಗಿಲ್ಲ. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ಒಡೆದ ಮಡಕೆ, ಹರಿದ ಚಾಪೆ ಎಲ್ಲ ಅಲ್ಲಿಗೇ ಹೋಗಿ ಬೀಳುತ್ತವೆ. ವರ್ಷ ತುಂಬಿದ ಮೇಲೆ ಅದೇ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ದೀಪಾವಳಿಯಲ್ಲಿ ತಿಪ್ಪೆಗೆ ದೀಪವಿಟ್ಟು ಕೈಮುಗಿಯುವ ಊರುಗಳು ನಮ್ಮಲ್ಲಿವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಂದು ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು. ಸಾವಿನ ಕಣ್ಣಿಗೆ ಅದು ಕಸವೆಂದೇ ಕಾಣಲಿ ಎಂಬ ಉಪಾಯ. ಈ ಸಭೆಯಲ್ಲೂ ಒಬ್ಬಿಬ್ಬರು ತಿಪ್ಪೇಸ್ವಾಮಿಗಳು ಕುಳಿತಿದ್ದರೆ ನನಗೆ ಆಶ್ಚರ್ಯವಿಲ್ಲ. ಕಸ, ಫಲ, ಪೂಜೆ ಮೂರೂ ಒಂದೇ ಗುಡ್ಡೆಯಲ್ಲಿ ಇರಬಹುದು ಎಂಬುದನ್ನು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡಿರಿ. ಆಮೇಲೆ ಕೇಳುತ್ತೇನೆ.

ಜಪಾನಿನವರು ಇಂಥ ಗುಡ್ಡೆಯನ್ನು 'ಕೈಜುಕ' ಎನ್ನುತ್ತಾರೆ. 'ಕೈ' ಎಂದರೆ ಚಿಪ್ಪು, 'ಜುಕ' ಎಂದರೆ ದಿಬ್ಬ. ಹಾಗೆ ನೋಡಿದರೆ ಸಂಘಟಕರೇ ಸರಿ. ಸಾವಿರಾರು ವರ್ಷಗಳ ಹಿಂದೆ ಕಡಲ ದಡದ ಜನ ಚಿಪ್ಪುಮೀನು ತಿಂದು ಎಸೆದ ಚಿಪ್ಪುಗಳು ಪದರ ಪದರವಾಗಿ ಕೂಡಿ ಆದ ದಿಬ್ಬಗಳಿವು. ಜಪಾನಿನಲ್ಲಿ ಇಲ್ಲಿಯವರೆಗೆ ಸುಮಾರು 2,500 ಪತ್ತೆಯಾಗಿವೆ. ಪೆಸಿಫಿಕ್ ಕಡೆಯ ದಡದಲ್ಲಿ, ಅದರಲ್ಲೂ ಟೋಕಿಯೊ ಕೊಲ್ಲಿಯ ಸುತ್ತ ದಟ್ಟವಾಗಿವೆ. ಕೊಲ್ಲಿಯ ಪೂರ್ವಕ್ಕಿರುವ ಚಿಬಾ ಪ್ರಾಂತದಲ್ಲಿ ಎಲ್ಲಕ್ಕಿಂತ ಹೆಚ್ಚು. ಬಹುತೇಕ ಎಲ್ಲವೂ ಜೋಮೋನ್ ಎಂದು ಕರೆಯುವ ಕಾಲದವು. ಈ ಕಾಲ 16,000 ವರ್ಷಗಳಷ್ಟು ಹಿಂದೆ ಶುರುವಾಗಿ, ಭತ್ತದ ಗದ್ದೆಗಳು ಬರುವ ತನಕ, ಅಂದರೆ ಮೂರು ಸಾವಿರ ವರ್ಷಗಳ ಈಚಿನವರೆಗೂ ನಡೆಯಿತು. ಉತ್ತು ಬಿತ್ತಿ ಬದುಕಿದ ಜನ ಇವರಲ್ಲ. ಬೇಟೆ, ಮೀನು, ಕಾಡಿನ ಕಾಯಿಗಳ ಮೇಲೆ ಬದುಕಿದವರು. ಆದರೂ ಮಡಕೆ ಮಾಡಿದರು, ಊರು ಕಟ್ಟಿಕೊಂಡು ಒಂದೇ ಕಡೆ ನೂರಾರು ವರ್ಷ ನೆಲೆ ನಿಂತರು. ವ್ಯವಸಾಯ ಬಂದ ಮೇಲೆ ಊರು, ಊರು ಬಂದ ಮೇಲೆ ಮಡಕೆ ಎಂದು ನಾವು ಶಾಲೆಯಲ್ಲಿ ಓದಿದ ಸಾಲು ಇಲ್ಲಿ ನಡೆಯುವುದಿಲ್ಲ.

ಅವರ ಭಾಷೆಯ 'ಕೈ' ಚಿಪ್ಪು, ನಮ್ಮ ಕೈ ಬೇರೆ. ಆದರೆ ಈ ದಿಬ್ಬಗಳ ಬಗ್ಗೆ ಇರುವ ಅತ್ಯಂತ ಹಳೆಯ ಬರಹದಲ್ಲಿ ನಮ್ಮ ಕೈಯೇ ಬರುತ್ತದೆ. ಎಂಟನೇ ಶತಮಾನದ ಆರಂಭದಲ್ಲಿ ಜಪಾನಿನ ರಾಜಸಭೆ ತನ್ನ ಪ್ರಾಂತಗಳಿಂದ ವರದಿ ತರಿಸಿಕೊಂಡಿತು: ನಿಮ್ಮ ಮಣ್ಣು ಎಂಥದು, ಊರುಗಳ ಹೆಸರು ಹೇಗೆ ಬಂತು, ಹಳಬರು ಏನು ಕಥೆ ಹೇಳುತ್ತಾರೆ ಎಂದು. ಹಿತಾಚಿ ಪ್ರಾಂತದ ವರದಿಯಲ್ಲಿ ಓಗುಶಿ ಎಂಬ ಗುಡ್ಡದ ಮಾತಿದೆ. ಅಲ್ಲಿ ಹಿಂದೆ ಒಬ್ಬ ದೈತ್ಯನಿದ್ದನಂತೆ. ಗುಡ್ಡದ ಮೇಲೆ ಕುಳಿತೇ ಕಡಲಿಗೆ ಕೈ ಚಾಚಿ ಚಿಪ್ಪುಗಳನ್ನು ಬಾಚಿ ತಿನ್ನುತ್ತಿದ್ದನಂತೆ. ಅವನು ತಿಂದು ಬಿಟ್ಟ ಚಿಪ್ಪೇ ಗುಡ್ಡವಾಯಿತು. ವರದಿ ಬರೆದ ಅಧಿಕಾರಿ ಎಂಥ ಶ್ರದ್ಧಾವಂತನೆಂದರೆ ದೈತ್ಯನ ಹೆಜ್ಜೆಗುರುತಿನ ಉದ್ದಗಲವನ್ನೂ, ಅವನು ಮೂತ್ರ ಮಾಡಿ ಆದ ಹೊಂಡದ ಅಳತೆಯನ್ನೂ ಬರೆದಿಟ್ಟಿದ್ದಾನೆ. ಕಂದಾಯ ಇಲಾಖೆಯವರು ಎಲ್ಲ ಕಾಲದಲ್ಲೂ ಒಂದೇ.

ನಗುವ ಮೊದಲು ಒಂದು ಮಾತು. ಹಂಪಿಯ ಹತ್ತಿರ ನಿಂಬಾಪುರದಲ್ಲಿ ಬೂದಿಯ ದೊಡ್ಡ ದಿಬ್ಬವಿದೆ. ವಾಲಿಯನ್ನು ಸುಟ್ಟ ಬೂದಿ ಎಂದು ಅಲ್ಲಿಯವರು ತೋರಿಸುತ್ತಾರೆ. ಬಳ್ಳಾರಿ ಸೀಮೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿಯನ್ನು ಗುಡ್ಡೆ ಹಾಕಿ ಸುಟ್ಟು ಆದವು ಎಂಬುದು ಈಗ ಗೊತ್ತಿದೆ. ಆದರೆ ವಾಲಿಯ ಕಥೆ ಹೇಳಿದವರನ್ನು ದಡ್ಡರೆನ್ನಬೇಡಿ. ಇದು ತಾನಾಗಿ ಆದ ಗುಡ್ಡವಲ್ಲ, ಯಾರದೋ ಕೆಲಸ ಎಂಬುದನ್ನು ಅವರು ಕಂಡುಕೊಂಡಿದ್ದರು. ಹಿತಾಚಿಯವರು ಇನ್ನೂ ಒಂದು ಹೆಜ್ಜೆ ಮುಂದೆ: ಇದು ಯಾರೋ ತಿಂದು ಬಿಟ್ಟದ್ದು ಎಂದೂ ಹೇಳಿದರು, ಕಡಲು ದೂರವಿದೆಯಲ್ಲ ಎಂಬುದನ್ನೂ ಗಮನಿಸಿದರು. ಕಡಲು ದೂರವಿದ್ದರೆ ಕೈ ಉದ್ದವಿರಬೇಕು. ತರ್ಕದಲ್ಲಿ ತಪ್ಪೇನಿದೆ? ಉದ್ದವಾಗಿದ್ದದ್ದು ಕೈಯಲ್ಲ, ಕಡಲೇ ಎಂದು ತಿಳಿಯಲು ಇನ್ನೂ ಹನ್ನೆರಡು ಶತಮಾನ ಬೇಕಾಯಿತು. ಆ ಗುಡ್ಡ ಇವತ್ತು ಮಿತೊ ನಗರಕ್ಕೆ ಸೇರಿದೆ. ಅಲ್ಲೊಂದು ಉದ್ಯಾನ ಮಾಡಿ ದೈತ್ಯನ ದೊಡ್ಡ ಪ್ರತಿಮೆ ನಿಲ್ಲಿಸಿದ್ದಾರೆ.

ಈಗ ಮೋರ್ಸ್‌ನ ಕಥೆ. ಪುರಾತತ್ತ್ವ ಓದಿದವರಿಗೆಲ್ಲ ಇದು ಗೊತ್ತಿರುವುದೇ, ಆದರೂ ಹೇಳದೆ ಇರಲಾರೆ. ಎಡ್ವರ್ಡ್ ಸಿಲ್ವೆಸ್ಟರ್ ಮೋರ್ಸ್ ಅಮೆರಿಕದ ಪ್ರಾಣಿಶಾಸ್ತ್ರಜ್ಞ. ಹುಡುಗನಾಗಿದ್ದಾಗ ಒಂದಲ್ಲ ಹಲವು ಶಾಲೆಗಳಿಂದ ಹೊರಗೆ ಹಾಕಿಸಿಕೊಂಡವನು. ಎರಡೂ ಕೈಗಳಲ್ಲಿ ಒಟ್ಟಿಗೆ ಕರಿಹಲಗೆಯ ಮೇಲೆ ಚಿತ್ರ ಬಿಡಿಸಬಲ್ಲವನಾಗಿದ್ದ. ಅದನ್ನು ನೋಡಲೆಂದೇ ಜನ ಅವನ ಭಾಷಣಕ್ಕೆ ಬರುತ್ತಿದ್ದರಂತೆ. (ನನಗೆ ಒಂದು ಕೈಯಲ್ಲೂ ಬರುವುದಿಲ್ಲ. ಅದಕ್ಕೇ ಪರದೆಯ ಮೇಲೆ ಫೋಟೊ ತೋರಿಸುತ್ತಿದ್ದೇನೆ.) ನೋಡಲು ಕಪ್ಪೆಚಿಪ್ಪಿನಂತಿದ್ದರೂ ಬೇರೆಯೇ ಕುಲಕ್ಕೆ ಸೇರಿದ ಬ್ರಾಕಿಯೊಪಾಡ್ ಎಂಬ ಕಡಲ ಜೀವಿಗಳನ್ನು ಹುಡುಕಿಕೊಂಡು ಅವನು 1877ರ ಜೂನ್‌ನಲ್ಲಿ ಜಪಾನಿಗೆ ಬಂದ. ಹಡಗಿನಿಂದ ಯೊಕೊಹಾಮಾದಲ್ಲಿ ಇಳಿದು ಟೋಕಿಯೊಗೆ ರೈಲು ಹತ್ತಿದ. ಜಪಾನಿನ ಮೊದಲ ರೈಲು ದಾರಿ ಅದು. ಹಾಕಿ ಐದೇ ವರ್ಷವಾಗಿತ್ತು. ಓಮೊರಿ ನಿಲ್ದಾಣ ದಾಟಿದ ಮೇಲೆ, ಹಳಿಗಾಗಿ ದಿಣ್ಣೆ ಕಡಿದ ಕಡೆ, ಕಿಟಕಿಯ ಆಚೆ ಮಣ್ಣಿನಲ್ಲಿ ಬಿಳಿಯ ಪದರವೊಂದು ಕಂಡಿತು.

ಆ ರೈಲಿನಲ್ಲಿ ದಿನವೂ ನೂರಾರು ಜನ ಓಡಾಡುತ್ತಿದ್ದರು. ಬಿಳಿ ಪದರ ಎಲ್ಲರ ಕಣ್ಣಿಗೂ ಬಿದ್ದಿರಬೇಕು. ಮೋರ್ಸ್ ಮಾತ್ರ ಅದನ್ನು ಗುರುತಿಸಿದ. ಅಮೆರಿಕದ ಮೇಯ್ನ್ ಕರಾವಳಿಯಲ್ಲಿ ಇಂಥ ರಾಶಿಗಳನ್ನು ಅವನು ಅಗೆದು ನೋಡಿದ್ದ. ಅದಕ್ಕೂ ಹಿಂದೆ, 1850ರ ಸುಮಾರಿಗೆ, ಡೆನ್ಮಾರ್ಕಿನ ವಿದ್ವಾಂಸರು ತಮ್ಮ ದಡದ ಚಿಪ್ಪುರಾಶಿಗಳು ಕಡಲು ತಂದು ಹಾಕಿದವಲ್ಲ, ಆದಿಮಾನವರ ಅಡುಗೆಯ ಕಸ ಎಂದು ತೋರಿಸಿಕೊಟ್ಟಿದ್ದರು. ಮೊದಲು ಕಂಡದ್ದೇ ಮತ್ತೆ ಕಾಣುವುದು, ನಮ್ಮ ವಿದ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಷ್ಟೇ.

ಟೋಕಿಯೊ ವಿಶ್ವವಿದ್ಯಾಲಯ ಆಗಷ್ಟೇ ಹುಟ್ಟಿತ್ತು. ಮೋರ್ಸ್‌ನನ್ನು ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನನ್ನಾಗಿ ಅದು ಕರೆಯಿತು. ಅವನು ಸೆಪ್ಟೆಂಬರಿನಲ್ಲಿ ಓಮೊರಿಯನ್ನು ಅಗೆಯಲು ಶುರುಮಾಡಿ, 1879ರಲ್ಲಿ ವರದಿಯನ್ನು ಪ್ರಕಟಿಸಿದ. ಜಪಾನಿನ ಪುರಾತತ್ತ್ವ ಶಾಸ್ತ್ರ ಹುಟ್ಟಿದ್ದು ಅಲ್ಲಿ ಎನ್ನುತ್ತಾರೆ. ಅಲ್ಲಿ ಸಿಕ್ಕ ಮಡಕೆಗಳ ಮೈಮೇಲೆ ಹುರಿ ಉರುಳಿಸಿದ ಗುರುತುಗಳಿದ್ದವು. ಅವನು ಅದನ್ನು ಇದ್ದಂತೆಯೇ 'ಹುರಿಯ ಗುರುತು' ಎಂದು ಬರೆದ. ಅದರ ಜಪಾನಿ ರೂಪವೇ 'ಜೋಮೋನ್'. ಹದಿಮೂರು ಸಾವಿರ ವರ್ಷಗಳ ಒಂದು ಯುಗಕ್ಕೆ ಹೆಸರು ಬಂದದ್ದು ಹಸಿ ಮಣ್ಣಿನ ಮೇಲೆ ಯಾರೋ ಉರುಳಿಸಿದ ಹಗ್ಗದ ತುಂಡಿನಿಂದ. ಪ್ರಾಣಿಶಾಸ್ತ್ರಜ್ಞನಾದ್ದರಿಂದ ಅವನಿಗೆ ಮಡಕೆಯಷ್ಟೇ ಚಿಪ್ಪೂ ಮುಖ್ಯ. ದಿಬ್ಬದ ಚಿಪ್ಪುಗಳನ್ನೂ ಅವನ ಕಾಲದ ಕೊಲ್ಲಿಯ ಚಿಪ್ಪುಗಳನ್ನೂ ಅಳೆದು ಹೋಲಿಸಿ, ಜಾತಿಗಳು ಬದಲಾಗಿವೆ ಎಂದ. ಇಂಗ್ಲೆಂಡಿನಲ್ಲಿ ಒಬ್ಬ ವಿಮರ್ಶಕ ಈ ವರದಿಯನ್ನು ಹೀಗಳೆದಾಗ ಮೋರ್ಸ್‌ನ ಉತ್ತರವನ್ನು 1880ರಲ್ಲಿ 'ನೇಚರ್' ಪತ್ರಿಕೆಗೆ ತನ್ನ ಮಾತು ಸೇರಿಸಿ ಕಳಿಸಿದವನು ಚಾರ್ಲ್ಸ್ ಡಾರ್ವಿನ್. ಮೋರ್ಸ್‌ನ ಎಲ್ಲವನ್ನೂ ಒಪ್ಪಬೇಕಿಲ್ಲ. ಒಡೆದ ಮನುಷ್ಯ ಮೂಳೆಗಳನ್ನು ಕಂಡು ಓಮೊರಿಯವರು ನರಭಕ್ಷಕರು ಎಂದುಬಿಟ್ಟ. ಅದು ಜಪಾನಿನಲ್ಲಿ ಎಷ್ಟು ಜನರಿಗೆ ಉರಿ ಹಚ್ಚಿರಬೇಕು, ನೀವೇ ಊಹಿಸಿ.

ಓಮೊರಿಗೆ ಇಂದು ಹೋದರೆ ನಿಮಗೆ ಎರಡು ಸ್ಮಾರಕಗಳು ಸಿಗುತ್ತವೆ. ಒಂದರಿಂದ ಇನ್ನೊಂದಕ್ಕೆ ಕೆಲವೇ ನೂರು ಮೀಟರ್. ಒಂದು ಶಿನಗಾವಾ ವಾರ್ಡಿನಲ್ಲಿ, ಇನ್ನೊಂದು ಓತಾ ವಾರ್ಡಿನಲ್ಲಿ. ಮೋರ್ಸ್ ಅಗೆದದ್ದು ನಮ್ಮಲ್ಲಿ, ಇಲ್ಲ ನಮ್ಮಲ್ಲಿ ಎಂದು ಎರಡೂ ಕಡೆಯವರು 1929–30ರ ಹೊತ್ತಿಗೆ ಕಲ್ಲು ನೆಟ್ಟರು. ಅಗೆದವನೇ ಜಾಗವನ್ನು ಸರಿಯಾಗಿ ಬರೆದಿಟ್ಟಿರಲಿಲ್ಲ! ಕೊನೆಗೆ ತೀರ್ಪು ಕೊಟ್ಟದ್ದು ಸರ್ಕಾರಿ ಕಡತ. ಜಮೀನು ಅಗೆದದ್ದಕ್ಕೆ ಮಾಲೀಕನಿಗೆ ಪರಿಹಾರ ಕೊಟ್ಟ ಕಾಗದ ಪತ್ರ ಸಿಕ್ಕಿತು. ಅದರಲ್ಲಿದ್ದ ಊರು ಶಿನಗಾವಾ ಕಡೆಯದು. ಆಮೇಲೆ ಅಲ್ಲಿ ಅಗೆದಾಗ ದಿಬ್ಬದ ಉಳಿಕೆಯೂ ಸಿಕ್ಕಿತು. ಮೊದಲು ಹೇಳಿದೆನಲ್ಲ, ಕಂದಾಯ ಇಲಾಖೆ.

ಚಿಪ್ಪಿನ ದಿಬ್ಬಕ್ಕೆ ಯಾಕಿಷ್ಟು ಮಹತ್ವ? ಅದಕ್ಕೆ ಕಾರಣ ಸುಣ್ಣ. ಜಪಾನಿನ ನೆಲದಲ್ಲಿ ಜ್ವಾಲಾಮುಖಿಯ ಬೂದಿ ಧಾರಾಳ, ಮಳೆಯೂ ಜೋರು. ಎರಡೂ ಸೇರಿ ಮಣ್ಣು ಹುಳಿಯಾಗುತ್ತದೆ. ಹುಳಿ ಮಣ್ಣಿನಲ್ಲಿ ಮೂಳೆ ಕೆಲವು ಶತಮಾನಗಳಲ್ಲೇ ಕರಗಿ ಹೋಗುತ್ತದೆ. ಒಳನಾಡಿನ ಜೋಮೋನ್ ಊರುಗಳನ್ನು ಅಗೆದರೆ ಮಡಕೆ ಸಿಗುತ್ತದೆ, ಕಲ್ಲಿನ ಕೊಡಲಿ ಸಿಗುತ್ತದೆ, ಮನೆಯ ಕಂಬದ ಗುಳಿ ಸಿಗುತ್ತದೆ, ಮನುಷ್ಯರು ಸಿಗುವುದಿಲ್ಲ. ಹುಳಿ ಮಣ್ಣಿಗೆ ಏನು ಹಾಕಬೇಕೆಂದು ಇಲ್ಲಿರುವ ಅಡಿಕೆ ತೋಟದವರನ್ನು ಕೇಳಿ. ಸುಣ್ಣ. ಚಿಪ್ಪು ಎಂದರೆ ಸುಣ್ಣವೇ. ಚಿಪ್ಪಿನ ರಾಶಿಯ ಮೂಲಕ ಇಳಿದ ಮಳೆನೀರು ಹುಳಿ ಕಳೆದುಕೊಂಡು ಸುಣ್ಣ ಹೊತ್ತುಕೊಂಡು ಹೋಗುತ್ತದೆ, ಅಡಿಯಲ್ಲಿರುವ ಮೂಳೆ ಉಳಿಯುತ್ತದೆ. ಜಿಂಕೆ, ಕಾಡುಹಂದಿ, ಮೀನಿನ ಮುಳ್ಳು, ಕೊಂಬಿನಲ್ಲಿ ಕೊರೆದ ಗಾಳ, ಎಲುಬಿನ ಸೂಜಿ, ಸತ್ತವರು, ಎಲ್ಲವೂ. ಜೋಮೋನ್ ಜನರ ಮುಖ ನಮಗೆ ಗೊತ್ತಿರುವುದು ಬಹುಮಟ್ಟಿಗೆ ಈ ತಿಪ್ಪೆಗಳಿಂದ. 'ತಿಪ್ಪೆ ಸಾರಿಸುವುದು' ಎಂದು ನಾವು ಮುಚ್ಚಿಹಾಕುವ ಕೆಲಸಕ್ಕೆ ಹೇಳುತ್ತೇವಲ್ಲ, ಇದು ಅದಕ್ಕೆ ಪೂರಾ ತದ್ವಿರುದ್ಧ.

ದೈತ್ಯನ ಉದ್ದನೆಯ ಕೈಗೆ ಮರಳೋಣ. ತೊಚಿಗಿ ಎಂಬ ಪ್ರಾಂತವಿದೆ, ಸೈತಾಮಾ ಎಂಬ ಪ್ರಾಂತವಿದೆ; ಎರಡಕ್ಕೂ ಕಡಲ ತೀರವೇ ಇಲ್ಲ. ಅಲ್ಲಿ ಚಿಪ್ಪಿನ ದಿಬ್ಬಗಳಿವೆ. ಕೆಲವು ಈಗಿನ ಟೋಕಿಯೊ ಕೊಲ್ಲಿಯಿಂದ 50 ಕಿಲೋಮೀಟರಿಗೂ ಹೆಚ್ಚು ಒಳಗೆ. ಚಿಪ್ಪುಮೀನನ್ನು ಹಸಿಯಾಗಿ ಅಷ್ಟು ದೂರ ಹೊತ್ತು ತಂದು ತಿನ್ನುವವರು ಯಾರು? ದಿಬ್ಬಗಳನ್ನು ನಕ್ಷೆಯ ಮೇಲೆ ಗುರುತು ಹಾಕಿ ನೋಡಿದಾಗ, 1920ರ ದಶಕದಲ್ಲಿ, ಉತ್ತರ ಕಂಡಿತು. ಚುಕ್ಕೆಗಳನ್ನು ಸೇರಿಸಿದರೆ ಒಂದು ದಡ ಮೂಡುತ್ತದೆ. ಹಿಮಯುಗ ಮುಗಿದು ಮಂಜು ಕರಗಿ, ಸುಮಾರು 7,000ದಿಂದ 6,000 ವರ್ಷಗಳ ಹಿಂದೆ ಅಲ್ಲಿ ಕಡಲು ಈಗಿಗಿಂತ ಎರಡು ಮೂರು ಮೀಟರ್ ಮೇಲಿತ್ತು. ಅಷ್ಟೇ ಸಾಕಾಯಿತು, ಕಣಿವೆಗಳ ಒಳಗೆಲ್ಲ ಉಪ್ಪುನೀರು ನುಗ್ಗಿತು. ಆಮೇಲೆ ನೀರು ಹಿಂದೆ ಸರಿಯಿತು, ನದಿಗಳು ಹೂಳು ತುಂಬಿದವು, ಬಯಲಾಯಿತು.

ಯಾವ ಚಿಪ್ಪು ಎಂಬುದೂ ಕಥೆ ಹೇಳುತ್ತದೆ. ತೀರಾ ಒಳಗಿನ ದಿಬ್ಬಗಳಲ್ಲಿ 'ಶಿಜಿಮಿ' ಹೆಚ್ಚು. ನದಿಯ ನೀರು ಉಪ್ಪುನೀರು ಬೆರೆಯುವ ಕಡೆ ಬದುಕುವ ಚಿಪ್ಪು ಅದು. ಕೊಲ್ಲಿಯ ಕಡೆಗೆ ಬಂದಂತೆ ಮರಳು ಕೆಸರಿನ 'ಹಮಗುರಿ', ಸಿಂಪಿ. ಇನ್ನೊಂದು 'ಹೈಗೈ' ಎಂಬುದು ಜೋಮೋನ್ ಕಾಲದಲ್ಲಿ ಟೋಕಿಯೊ ಕೊಲ್ಲಿಯ ತುಂಬ ಇತ್ತು, ಈಗ ಅಲ್ಲಿಲ್ಲ. ಬೆಚ್ಚಗಿನ ನೀರು, ಮೆತ್ತನೆಯ ಕೆಸರು ಅದಕ್ಕೆ ಬೇಕು. ಹೈಗೈ ಎಂದರೆ ಬೂದಿ ಚಿಪ್ಪು. ಅದನ್ನು ಸುಟ್ಟು ಸುಣ್ಣ ಮಾಡುತ್ತಿದ್ದುದರಿಂದ ಬಂದ ಹೆಸರು. ನಿಮ್ಮಲ್ಲಿ ಕರಾವಳಿಯವರಿಗೆ ಈ ಮಾತು ದೂರದ್ದಲ್ಲ. ದಕ್ಷಿಣ ಕನ್ನಡದವರ ಮರುವಾಯಿ, ಉತ್ತರ ಕನ್ನಡದವರ ಬಳಚು ಇದೇ ಬಳಗದವು. ಅಘನಾಶಿನಿಯ ಅಳಿವೆಯಲ್ಲಿ ನೀರು ಇಳಿದ ಹೊತ್ತು ನೋಡಿ ಹೆಂಗಸರು ಬುಟ್ಟಿ ಹಿಡಿದು ಇಳಿಯುವುದನ್ನು ಕಂಡವರಿಗೆ ಟೋಕಿಯೊ ಕೊಲ್ಲಿಯ ಐದು ಸಾವಿರ ವರ್ಷ ಹಿಂದಿನ ಬೆಳಗನ್ನು ಕಲ್ಪಿಸಿಕೊಳ್ಳುವುದು ಕಷ್ಟವಾಗಲಾರದು.

ಯಾವ ಬೆಳಗು ಎಂದು ಕೂಡ ಹೇಳಬಹುದು. ಹಮಗುರಿ ಚಿಪ್ಪು ದಿನಕ್ಕೊಂದರಂತೆ ಸಣ್ಣ ಗೆರೆ ಬೆಳೆಸುತ್ತದೆ. ಚಳಿಗಾಲದಲ್ಲಿ ಗೆರೆಗಳು ಒತ್ತೊತ್ತಾಗಿ, ಬೇಸಿಗೆಯಲ್ಲಿ ಬಿಡಿಬಿಡಿಯಾಗಿ ಇರುತ್ತವೆ. ಚಿಪ್ಪನ್ನು ಕೊಯ್ದು, ನುಣುಪು ಮಾಡಿ, ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಕೊನೆಯ ಚಳಿಗಾಲದಿಂದ ಅಂಚಿನವರೆಗೆ ಗೆರೆ ಎಣಿಸಿದರೆ ಅದು ಸತ್ತ ಕಾಲ ತಿಳಿಯುತ್ತದೆ. ಕೊಯಿಕೆ ಹಿರೊಕೊ ಎಂಬ ವಿದುಷಿ ಈ ಎಣಿಕೆಯನ್ನು ಪಟ್ಟು ಹಿಡಿದು ಮಾಡಿದರು. ಬಹುಪಾಲು ಚಿಪ್ಪುಗಳನ್ನು ಹೆಕ್ಕಿದ್ದು ವಸಂತದಿಂದ ಬೇಸಿಗೆಯ ಮೊದಲ ಭಾಗದವರೆಗೆ. ವರ್ಷವಿಡೀ ಚಿಪ್ಪು ಮೆಲ್ಲುತ್ತ ಕುಳಿತ ಸೋಮಾರಿಗಳ ಚಿತ್ರ ಅಲ್ಲಿಗೆ ಮುಗಿಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ತಿಪ್ಪೆ ನಿಜ ಹೇಳುವಷ್ಟೇ ಸುಳ್ಳೂ ಹೇಳುತ್ತದೆ. ಕಡಲೆಕಾಯಿ ಪರಿಷೆಯ ಮರುದಿನ ಬಸವನಗುಡಿಯ ಬೀದಿ ಕಂಡವನು ಬೆಂಗಳೂರಿನವರು ಕಡಲೆಕಾಯಿ ತಿಂದೇ ಬದುಕುತ್ತಾರೆ ಎಂದು ಬರೆದುಕೊಂಡಾನು. ಚಿಪ್ಪಿನ ಗುಣವೇ ಹಾಗೆ: ತಿನ್ನಲು ಸಿಗುವುದು ಚೂರು, ಎಸೆಯುವುದು ರಾಶಿ. ಅನ್ನ ತಿಂದವನ ತಿಪ್ಪೆಯಲ್ಲಿ ಏನು ಉಳಿಯುತ್ತದೆ? ಜೋಮೋನ್ ಜನ ಹೊಟ್ಟೆ ತುಂಬಿಸಿಕೊಂಡದ್ದು ಬಹಳಷ್ಟು ಚೆಸ್ಟ್‌ನಟ್, ಓಕ್ ಮರದ ಕಾಯಿ, ಗೆಡ್ಡೆಗಳಿಂದ. ಅವರ ಮೂಳೆಯಲ್ಲಿ ಉಳಿದ ಇಂಗಾಲ, ಸಾರಜನಕದ ಲೆಕ್ಕವೂ ಅದನ್ನೇ ಹೇಳುತ್ತದೆ. ಉತ್ತರದ ಹೊಕ್ಕೈಡೊದವರು ನಿಜಕ್ಕೂ ಕಡಲನ್ನೇ ನಂಬಿದ್ದರು, ಅದೂ ಸೀಲ್‌ನಂಥ ದೊಡ್ಡ ಪ್ರಾಣಿಗಳನ್ನು. ಟೋಕಿಯೊ ಕಡೆಯವರ ಊಟ ಕಾಡು ಕಡಲು ಎರಡರ ಮಿಶ್ರಣ.

ಅಗೆಯುವವರೂ ಸುಳ್ಳಿಗೆ ತಮ್ಮ ಪಾಲು ಸೇರಿಸಿದ್ದಾರೆ. ಬಹಳ ಕಾಲ ಎಲ್ಲರೂ ಕೈಯಿಂದ ಆರಿಸಿದರು. ಕೈಗೆ ಸಿಗುವುದು ದೊಡ್ಡ ಮೀನಿನ ದೊಡ್ಡ ಮುಳ್ಳು. ಆಮೇಲೆ ಮಣ್ಣನ್ನು ನೀರಿನಲ್ಲಿ ಕದಡಿ, ಮಿಲಿಮೀಟರಿನಷ್ಟು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿದಾಗ ಬೈಗೆಯಂಥ ಪುಟ್ಟ ಮೀನುಗಳ ಬೆನ್ನೆಲುಬಿನ ಮಣಿಗಳು ರಾಶಿ ಬಿದ್ದವು. ಅಷ್ಟು ವರ್ಷ ಅವೆಲ್ಲ ಅಗೆದ ಮಣ್ಣಿನ ಜೊತೆ ಹೊರಗೆ ಹೋಗಿದ್ದವು. ತಿಪ್ಪೆಯನ್ನು ಓದಲು ಹೋಗಿ ನಾವೇ ಇನ್ನೊಂದು ತಿಪ್ಪೆ ಮಾಡಿದ್ದೆವು.

ಕೊಳೆಯುವ ವಸ್ತುಗಳದ್ದು ಇನ್ನೊಂದು ಕಥೆ. ಒಣ ದಿಬ್ಬದಲ್ಲಿ ಬುಟ್ಟಿ, ಹಗ್ಗ, ಮರ ಉಳಿಯುವುದಿಲ್ಲ. ಕ್ಯುಶು ದ್ವೀಪದ ಸಗಾದಲ್ಲಿ ನೆರೆ ತಡೆಯುವ ಕೆರೆ ತೋಡುವಾಗ, ಐದು ಮೀಟರ್ ಹೂಳಿನ ಅಡಿಯಲ್ಲಿ ಹಿಗಶಿಮ್ಯೊ ಎಂಬ ಹಸಿ ದಿಬ್ಬ ಸಿಕ್ಕಿತು. ಸುಮಾರು 8,000 ವರ್ಷ ಹಳೆಯದು. ನೀರಿನಲ್ಲಿ ಮುಳುಗಿ ಗಾಳಿ ಸೋಕದೆ ಇದ್ದುದರಿಂದ ಅಲ್ಲಿ ಏಳುನೂರಕ್ಕೂ ಹೆಚ್ಚು ಬುಟ್ಟಿಗಳು ಉಳಿದಿದ್ದವು. ಕಾಯಿ ತುಂಬಿ ಗುಳಿಯಲ್ಲಿ ಹೂತಿಟ್ಟ ಬುಟ್ಟಿಗಳು. ಹೆಣಿಗೆಯ ಬಗೆಗಳು ಎಷ್ಟೊಂದು! ಮೇದರ ಕೇರಿಯ ಕುಶಲಿಯೊಬ್ಬರನ್ನು ಕೂರಿಸಿ ಆ ಫೋಟೊಗಳನ್ನು ತೋರಿಸಬೇಕೆಂದು ನನಗೆ ಬಹಳ ದಿನದ ಆಸೆ. ಫುಕುಯಿಯ ತೊರಿಹಾಮಾ ದಿಬ್ಬವೂ ಹೀಗೇ, ಕೆರೆಯ ಅಂಚಿನದು. ಅಲ್ಲಿ ದೋಣಿ ಸಿಕ್ಕಿತು, ಕೆಂಪು ಅರಗಿನ ಲೇಪದ ಬಾಚಣಿಗೆ ಸಿಕ್ಕಿತು. ಚಿಪ್ಪು ತಿಂದು ಬಿಸಾಡಿದವರು ಎಂದು ನಾವು ಹೇಳುವ ಜನ ಕೆಂಪು ಬಾಚಣಿಗೆ ಮುಡಿಯುತ್ತಿದ್ದರು.

ದಿಬ್ಬಗಳೆಲ್ಲ ಒಂದೇ ಬಗೆಯವೂ ಅಲ್ಲ. ಟೋಕಿಯೊದ ಕಿತಾ ವಾರ್ಡಿನ ನಕಜಾತೊ ದಿಬ್ಬ ನಾಲ್ಕೂವರೆ ಮೀಟರ್ ದಪ್ಪ. ಅಷ್ಟು ದೊಡ್ಡದರಲ್ಲಿ ಮಡಕೆ ಚೂರು ಬಲು ಕಡಿಮೆ, ಮೂಳೆ ಕಡಿಮೆ, ಮನೆಗಳಿಲ್ಲ. ಸಿಂಪಿ ಮತ್ತು ಹಮಗುರಿ, ಅದರಲ್ಲೂ ದೊಡ್ಡವು. ನೀರು ಕಾಯಿಸಲು ಕಲ್ಲು ಕೆಂಪಗೆ ಸುಟ್ಟು ಹಾಕಿದ ಗುಳಿಗಳು ದಡದಲ್ಲೇ ಇವೆ. ಇದು ಊರಿನ ತಿಪ್ಪೆಯಲ್ಲ. ಚಿಪ್ಪು ಬೇಯಿಸಿ ಬಿಡಿಸಿ, ಮಾಂಸ ಒಣಗಿಸಿ ಒಳನಾಡಿಗೆ ಕಳಿಸುತ್ತಿದ್ದ ಜಾಗ. ಒಣಮೀನಿನ ಸಂತೆ ಕಂಡ ನಮಗೆ ಇದೇನು ವಿಚಿತ್ರವಲ್ಲ. ದೊಡ್ಡದನ್ನೇ ಆರಿಸಿ ಸಣ್ಣದನ್ನು ಬೆಳೆಯಲು ಬಿಟ್ಟರು ಎಂಬುದು ನನಗೆ ಹೆಚ್ಚು ಹಿಡಿಸಿದ ವಿಷಯ.

ಇದಕ್ಕೆ ನೇರ ವಿರುದ್ಧ ಚಿಬಾದ ಕಸೋರಿ. ಎರಡು ಬಳೆಗಳನ್ನು ಪಕ್ಕ ಪಕ್ಕ ಇಟ್ಟಂತೆ ಎರಡು ದಿಬ್ಬಗಳು: ಉತ್ತರದ್ದು ಉಂಗುರ, ಅಡ್ಡಳತೆ ಸುಮಾರು 140 ಮೀಟರ್, ದಕ್ಷಿಣದ್ದು ಕುದುರೆ ಲಾಳ, ಸುಮಾರು 190 ಮೀಟರ್. ಐದು ಸಾವಿರ ವರ್ಷಗಳ ಹಿಂದಿನಿಂದ ಶುರುವಾಗಿ ಒಂದೂವರೆ ಸಾವಿರ ವರ್ಷಗಳಷ್ಟು ಕಾಲ ಜನ ಇಲ್ಲಿ ಚಿಪ್ಪು ಸುರಿದರು. ಮನೆಗಳೂ ಇಲ್ಲೇ, ಪಾಳುಬಿದ್ದ ಮನೆಯ ಗುಳಿಗೇ ಚಿಪ್ಪು ತುಂಬಿದರು, ಅದರ ಪಕ್ಕ ಹೊಸ ಮನೆ ಕಟ್ಟಿದರು. ಇಲ್ಲಿ ಎಲ್ಲಕ್ಕಿಂತ ಹೆಚ್ಚು ಸಿಗುವುದು ಇಬೊಕಿಸಾಗೊ ಎಂಬ ಪುಟ್ಟ ಶಂಖದ ಹುಳು, ಬೆರಳ ಉಗುರಿಗಿಂತ ದೊಡ್ಡದಲ್ಲ. ಇದನ್ನು ಒಂದೊಂದಾಗಿ ಕಿತ್ತು ತಿನ್ನುವಷ್ಟು ತಾಳ್ಮೆ ಯಾರಿಗಿದೆ? ಕುದಿಸಿ ಸಾರಿಗೆ ರುಚಿ ಬರಿಸಲು ಬಳಸಿದರು ಎಂದು ಹಲವರ ಊಹೆ. ನಾನೂ ಆ ಪಕ್ಷ. ಮಡಕೆ ಇದ್ದ ಮೇಲೆ ಸಾರು ಇಲ್ಲದೆ ಇರುತ್ತದೆಯೇ?

ಈಗ ಸತ್ತವರ ಮಾತು. ದಿಬ್ಬಗಳಲ್ಲಿ ಮನುಷ್ಯರನ್ನು ಹೂಳುತ್ತಿದ್ದರು. ಐಚಿ ಪ್ರಾಂತದ ಯೊಶಿಗೊ ದಿಬ್ಬವೊಂದರಲ್ಲೇ ಮುನ್ನೂರಕ್ಕೂ ಹೆಚ್ಚು ಅಸ್ಥಿಪಂಜರಗಳು ಸಿಕ್ಕಿವೆ. ಹಲವರ ಮುಂದಿನ ಹಲ್ಲುಗಳನ್ನು ಬದುಕಿದ್ದಾಗಲೇ ಸಂಪ್ರದಾಯದಂತೆ ಕಿತ್ತಿದ್ದಾರೆ. ಒಕಯಾಮಾದ ತ್ಸುಕುಮೊ ದಿಬ್ಬವನ್ನು ನೂರು ವರ್ಷಗಳ ಹಿಂದೆ ಅಗೆದು ಸುಮಾರು 170 ಜನರನ್ನು ಹೊರತೆಗೆದರು. ಅವರಲ್ಲಿ 24ನೇ ಸಂಖ್ಯೆಯ ಗಂಡಸಿನ ಮೈತುಂಬ ವಿಚಿತ್ರ ಗಾಯಗಳು. ಯುದ್ಧದ ಗಾಯವಲ್ಲ, ಕಾಡುಪ್ರಾಣಿಯದೂ ಅಲ್ಲ. 2021ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಒಗಟು ಬಿಡಿಸಿದರು: ಶಾರ್ಕ್. ಕನಿಷ್ಠ 790 ಗುರುತುಗಳು. ಎಡಗೈಯ ಹಸ್ತವಿಲ್ಲ, ಕೈ ಅಡ್ಡ ಹಿಡಿದು ತಡೆಯಲು ನೋಡಿರಬೇಕು. ಮೂರು ಸಾವಿರ ವರ್ಷಗಳ ಹಿಂದಿನ ಸಾವು. ಬಲಗಾಲು ಸಿಗಲಿಲ್ಲ. ಎಡಗಾಲು ಬೇರ್ಪಟ್ಟಿತ್ತು, ಅದನ್ನು ಅವನ ಮೈಮೇಲಿಟ್ಟು ಹೂತಿದ್ದರು. ಗಮನಿಸಿ: ಜೊತೆಯವರು ನೀರಿನಿಂದ ಅವನನ್ನು ಎಳೆದು ತಂದಿದ್ದಾರೆ, ಸಿಕ್ಕಷ್ಟನ್ನೂ ತಂದಿದ್ದಾರೆ, ಊರವರ ನಡುವೆಯೇ ಮಲಗಿಸಿದ್ದಾರೆ.

ಹೊಕ್ಕೈಡೊದ ಇರಿಯೆ ದಿಬ್ಬದಲ್ಲಿ ಇನ್ನೊಬ್ಬರು. ತಲೆ, ಮುಂಡ ಸರಿಯಾಗಿ ಬೆಳೆದಿವೆ. ಕೈಕಾಲಿನ ಎಲುಬುಗಳು ಮಾತ್ರ ಕಡ್ಡಿಯಂತೆ ತೆಳ್ಳಗೆ. ಚಿಕ್ಕಂದಿನಲ್ಲೇ ಪೋಲಿಯೊ ಅಥವಾ ಸ್ನಾಯು ಕ್ಷೀಣಿಸುವ ಕಾಯಿಲೆ ಬಂದು ಎದ್ದು ನಿಲ್ಲಲಾಗದೆ ಹೋಗಿರಬೇಕು. ಆದರೂ ಪ್ರಾಯಕ್ಕೆ ಬರುವ ತನಕ ಬದುಕಿದ್ದರು. ಬೇಟೆಯಾಡಿ ತಿನ್ನುವ ಊರಿನಲ್ಲಿ, ವರ್ಷಗಟ್ಟಲೆ, ಯಾರೋ ತುತ್ತು ಇಟ್ಟಿದ್ದಾರೆ, ಯಾರೋ ಎತ್ತಿ ಬಿಸಿಲಿಗೆ ಕೂರಿಸಿದ್ದಾರೆ. ಇಂಥ ಜಾಗದಲ್ಲಿ ನಾನು ಹೆಚ್ಚು ವಿವರಣೆ ಕೊಡುವುದಿಲ್ಲ, ಕೊಟ್ಟರೆ ಕೆಡುತ್ತದೆ. ನಾಯಿಗಳನ್ನೂ ಹೂತಿದ್ದಾರೆ ಎಂದು ಮಾತ್ರ ಸೇರಿಸುತ್ತೇನೆ. ಕಾಲು ಮಡಚಿ ಮಲಗಿಸಿ, ಜೋಪಾನವಾಗಿ.

ಹಾಗಾದರೆ ಇದು ಕಸದ ಗುಂಡಿಯೇ, ಸ್ಮಶಾನವೇ? ಇರಿಯೆಯೂ ಅದರ ನೆರೆಯ ಕಿತಾಕೊಗಾನೆಯೂ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಉತ್ತರ ಜಪಾನಿನ 17 ಜೋಮೋನ್ ನೆಲೆಗಳಲ್ಲಿವೆ. ಕಿತಾಕೊಗಾನೆಯಲ್ಲಿ ಚಿಪ್ಪು, ಮೂಳೆ, ಗೋರಿ ಒಂದೇ ದಿಬ್ಬದಲ್ಲಿ. ಪಕ್ಕದ ಒರತೆಯ ಬಳಿ ಒಡೆದ ಅರೆಯುವ ಕಲ್ಲುಗಳ ರಾಶಿ. ಪ್ರಾಣಿಗೂ ವಸ್ತುವಿಗೂ ಪ್ರಾಣವಿದೆ, ಬಳಸಿಯಾದ ಮೇಲೆ ಗೌರವದಿಂದ ಅದನ್ನು ಮರಳಿ ಕಳಿಸಬೇಕು ಎಂಬ, ಹೊಕ್ಕೈಡೊದ ಮೂಲನಿವಾಸಿಗಳಾದ ಐನು ಜನರ ನಂಬಿಕೆಯನ್ನು ಮುಂದಿಟ್ಟುಕೊಂಡು, ಇವು ಬಿಸಾಡುವ ಜಾಗಗಳಲ್ಲ, ಕಳಿಸಿಕೊಡುವ ಜಾಗಗಳು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ನನಗೆ ಇದರಲ್ಲಿ ಅರ್ಧ ನಂಬಿಕೆ. ಐನು ಆಚರಣೆಯ ದಾಖಲೆ ಬಂದದ್ದು ಸಾವಿರಾರು ವರ್ಷಗಳ ಮೇಲೆ. ಅದನ್ನು ಹಿಂದಕ್ಕೆ ಎಳೆದು ಹೊದಿಸುವಾಗ ಕೈ ನಡುಗಬೇಕು. ನಮ್ಮ ಬೂದಿದಿಬ್ಬಗಳ ಬಗ್ಗೆಯೂ ಇದೇ ಜಗಳ: ಕೊಟ್ಟಿಗೆಯ ಕಸವೋ, ಹಬ್ಬದ ಬೆಂಕಿಯೋ? ಪಾಶ್ಚಾತ್ಯ ವಿದ್ವಾಂಸರು ಎರಡರಲ್ಲಿ ಒಂದನ್ನು ಆರಿಸು ಎಂದು ಒತ್ತಾಯಿಸಿದಾಗಲೆಲ್ಲ ನನಗೆ ಅನ್ನಿಸುತ್ತದೆ, ಇವರ ಊರಿನಲ್ಲಿ ತಿಪ್ಪಮ್ಮ ಎಂಬ ಹೆಸರಿನ ಅಜ್ಜಿ ಯಾರೂ ಇರಲಿಲ್ಲ.

ದಿಬ್ಬಗಳು ಬಹಳಷ್ಟು ಹಾಳೂ ಆಗಿವೆ. ಚಿಪ್ಪನ್ನು ಸುಣ್ಣಕ್ಕೆ ಒಯ್ದರು, ಹೊಲಗಳಿಗೆ ಹಾಕಿದರು, ಮೇಲೆ ಮನೆ ಕಟ್ಟಿದರು. ಕಸೋರಿ ಕೂಡ 1960ರ ದಶಕದಲ್ಲಿ ಅಭಿವೃದ್ಧಿಗೆ ಬಲಿಯಾಗುವುದರಲ್ಲಿತ್ತು. ವಿದ್ವಾಂಸರೂ ಊರವರೂ ಸೇರಿ ಗಲಾಟೆ ಮಾಡಿ ಉಳಿಸಿಕೊಂಡರು. 2017ರಲ್ಲಿ ಅದಕ್ಕೆ ರಾಷ್ಟ್ರದ ವಿಶೇಷ ಐತಿಹಾಸಿಕ ತಾಣದ ಪಟ್ಟ ಬಂತು. ಬಹುಭಾಗವನ್ನು ಅಗೆಯದೆ ಹುಲ್ಲಿನ ಅಡಿಯಲ್ಲಿ ಹಾಗೇ ಬಿಟ್ಟಿದ್ದಾರೆ. ಕೆಲವು ಕಡೆ ಮಾತ್ರ ದಿಬ್ಬವನ್ನು ಸೀಳಿ ಮೇಲೆ ಕಟ್ಟಡ ಕಟ್ಟಿ, ಪದರಗಳು ಕಾಣುವಂತೆ ಮಾಡಿದ್ದಾರೆ. ಎರಡೂ ಬದಿಗೆ ಬಿಳಿ ಗೋಡೆ, ನಡುವೆ ನೀವು.

ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದ್ದನ್ನು ಇಲ್ಲಿ ಸೇರಿಸುತ್ತಿದ್ದೇನೆ. "ಮನೆ ಪಕ್ಕದಲ್ಲೇ ಅಷ್ಟು ಚಿಪ್ಪು ಸುರಿದರೆ ಅವರಿಗೆ ವಾಸನೆ ಬರುತ್ತಿರಲಿಲ್ಲವೇ?" ಎಂದಳು. ಮೂವತ್ತು ವರ್ಷಗಳಿಂದ ಇದನ್ನು ಪಾಠ ಮಾಡುತ್ತಿದ್ದೇನೆ, ಒಬ್ಬರೂ ಕೇಳಿರಲಿಲ್ಲ. ನಾನು ಬೂದಿಯ ಪದರಗಳ ಬಗ್ಗೆ ಏನೋ ತಡವರಿಸುತ್ತಿದ್ದಾಗ ಕುಮಟಾ ಕಡೆಯ ಮಹಿಳೆಯೊಬ್ಬರು ಎದ್ದು ನಿಂತು ನನ್ನ ಬದಲು ಉತ್ತರ ಕೊಟ್ಟರು: "ಎರಡು ದಿನ ಬರುತ್ತದೆ ಸರ್. ಮೂರನೆಯ ದಿನ ಇರುವೆ ಬರುತ್ತದೆ. ಆಮೇಲೆ ಬರಿಗಾಲಲ್ಲಿ ಹೋಗದಿದ್ದರೆ ಆಯಿತು, ಅಷ್ಟೇ."